ಶಿರಸಿ ಬನವಾಸಿ ರಸ್ತೆ ಕಡೆಯ ಕುಲುಮೆ: ಹತ್ಯಾರದ ಹುಚ್ಚಿರೋರು ಒಂದ್ಸಲ ಹೋಗ್ಲೇಬೇಕು

ಈ ಜಾಗಕ್ಕೆ ಬೋರ್ಡ್ ಇಲ್ಲ, ಮ್ಯಾಪಲ್ಲೂ ಸಿಗಲ್ಲ. ಶಿರಸಿ ಪೇಟೆ ದಾಟಿ ಬನವಾಸಿ ಕಡೆ ಹೋಗ್ತಾ ಹಂಚಿನ ಮಾಡಿನ ಒಂದು ಶೆಡ್ಡು, ಮುಂದೆ ಲಾರಿ ಪಾಟಾಗಳ (ಸ್ಪ್ರಿಂಗ್ ಪಟ್ಟಿಗಳ) ರಾಶಿ, ಒಳಗಿಂದ ಟಣ್ ಟಣ್ ಸದ್ದು ಬರ್ತಾ ಇದ್ರೆ ಅದೇ. ಬರೋರೆಲ್ಲ ಹೆಚ್ಚಾಗಿ ತೋಟದೋರು, ಕತ್ತಿ ಹಾರೆ ಮೆಟ್ಟುಗತ್ತಿ ಹಿಡ್ಕೊಂಡು ಬರ್ತಾರೆ. ನನ್ನ ಕೇಸ್ ಬೇರೆ. ನಾನು ಡಿಪ್ಲೊಮಾ ಮೆಕ್ಯಾನಿಕಲ್ ಓದ್ತಾ ಇದೀನಿ, ಮನೆ ಹಿಂದಿನ ಕೊಟ್ಟಿಗೇಲಿ ಸಣ್ಣ ಕುಲುಮೆ ಹಾಕ್ಕೊಂಡಿದೀನಿ, ಜೊತೆಗೆ ಅಂಗೈ ಮೇಲೆ ಕೂರೋ ಅಷ್ಟು ದೊಡ್ಡ ಒಂದು ಸ್ಟೀಮ್ ಎಂಜಿನ್ ಕಟ್ತಾ ಇದೀನಿ. ಅದಕ್ಕೆ ಬೇಕಾದ ಹತ್ಯಾರ ಮಾಡ್ಸೋಕೆ ಇಲ್ಲಿಗೆ ಹೋಗೋಕೆ ಶುರು ಮಾಡಿದ್ದು, ಈಗ ಬೇರೆ ಕಡೆ ಹೋಗೋ ಮನಸ್ಸೇ ಇಲ್ಲ.

ಮೊದ್ಲು ಮಾಡ್ಸಿದ್ದು ಇಕ್ಕಳ. ಆನ್‌ಲೈನಲ್ಲಿ ಸಿಗೋ ಇಕ್ಕಳಗಳ ಬಾಯಿ ನನ್ನ ಸಣ್ಣ ಸರಳಿಗೆ ಸರಿಯಾಗಿ ಕೂರಲ್ಲ, ಕೆಂಪಗಾದ ಕಬ್ಬಿಣ ಜಾರಿದ್ರೆ ಕಾಲ ಮೇಲೇ ಬೀಳೋದು. ಇಲ್ಲಿ ಕುಲುಮೆ ನಡ್ಸೋ ಆಚಾರ್ರು ನಂಗೆ ಯಾವ ದಪ್ಪದ ಸರಳು ಹಿಡೀಬೇಕು ಅಂತ ಕೇಳಿ, ಆ ಸರಳಿನ ತುಂಡೇ ತರ್ಸಿ, ಅದನ್ನ ಬಾಯೊಳಗೆ ಇಟ್ಟು ಅದರ ಮೇಲೇ ಬಡಿದು ಬಾಯಿ ಕೂರ್ಸಿದ್ರು. ಆಮೇಲೆ ಎರಡು ತುಂಡು ಜೋಡ್ಸಿ ರಿವೆಟ್ ಕಾಯ್ಸಿ ಬಡಿದ್ರು. ಬಡಿದ ಮೇಲೆ ಇಕ್ಕಳ ಅಲ್ಲಾಡೋದೇ ಇಲ್ಲ, ಪೂರ್ತಿ ಬಿಗಿ. ಆಗ ಕೀಲಿನ ಜಾಗ ಮತ್ತೆ ಕೆಂಪಗೆ ಕಾಯ್ಸಿ, ಹೊರಗೆ ತೆಗೆದು, ತಣ್ಣಗಾಗೋ ತನಕ ತೆರೆದು ಮುಚ್ಚಿ ತೆರೆದು ಮುಚ್ಚಿ ಮಾಡ್ತಾನೇ ಇದ್ರು. "ತಮಾ, ಈಗ ಬಿಟ್ಟೆ ಅಂದ್ರೆ ಇದು ಹಿಂಗೇ ಕೂತ್ಬಿಡತ್ತೆ" ಅಂದ್ರು. ಈಗ ಒಂದೇ ಕೈಯಲ್ಲಿ ಸಲೀಸಾಗಿ ಆಡತ್ತೆ, ಕೀಲು ಸ್ವಲ್ಪಾನೂ ಸಡಿಲ ಇಲ್ಲ. ಕೊಟ್ಟಿದ್ದು 400 ರೂಪಾಯಿ.

ಆದ್ರೆ ನಂಗೆ ನಿಜವಾಗ್ಲೂ ಖುಷಿ ಕೊಟ್ಟಿದ್ದು ಚಾಣ, ಅಂದ್ರೆ ಕಬ್ಬಿಣ ಕಡಿಯೋ ಉಳಿ. ಹಳೆ ಕಾಯಿಲ್ ಸ್ಪ್ರಿಂಗ್ ತುಂಡು ನೆಟ್ಟಗೆ ಮಾಡಿ ತುದಿ ಬಡಿದು ಚಪ್ಪಟೆ ಮಾಡಿದ್ರು, ಅಲ್ಲೀ ತನಕ ಎಲ್ರೂ ಮಾಡ್ತಾರೆ. ಹದ ಹಾಕೋದು, ಅಂದ್ರೆ ತುದಿಗೆ ಬೇಕಾದಷ್ಟೇ ಗಟ್ಟಿತನ ಕೊಡೋದು, ಅದನ್ನ ನೋಡ್ಬೇಕು. ತುದಿ ಕಡೆ ಕಾಯ್ಸಿ, ಬರೀ ತುದಿ ಮಾತ್ರ ನೀರಿಗೆ ಅದ್ದಿ ತೆಗೀತಾರೆ, ಹಿಂದಿನ ಭಾಗ ಇನ್ನೂ ಬಿಸಿ ಇರತ್ತೆ. ತಕ್ಷಣ ತುದೀನ ಸಾಣೆಕಲ್ಲಿನ ಚೂರಲ್ಲಿ ಉಜ್ಜಿ ಬೆಳ್ಳಗೆ ಮಾಡ್ತಾರೆ. ಹಿಂದಿನ ಬಿಸಿ ಮೆಲ್ಲಗೆ ತುದಿ ಕಡೆ ಹರಿದು ಬರ್ತಾ ಆ ಬೆಳ್ಳಗಿನ ಜಾಗದ ಮೇಲೆ ಬಣ್ಣ ಓಡತ್ತೆ, ಮೊದ್ಲು ಹುಲ್ಲಿನ ಹಳದಿ, ಆಮೇಲೆ ಕಂದು, ಆಮೇಲೆ ನೇರಳೆ, ಹಿಂದೇನೇ ನೀಲಿ. ಹಳದಿ ಅಂದ್ರೆ ಸುಮಾರು 230 ಡಿಗ್ರಿ, ನೀಲಿ ಅಂದ್ರೆ 300ರ ಹತ್ರ. ನೇರಳೆ ತುದಿಗೆ ಮುಟ್ಟಿದ ಕೂಡ್ಲೇ ಪೂರ್ತಿ ನೀರಿಗೆ. ಹಳದಿಗೇ ನಿಲ್ಸಿದ್ರೆ ಹೊಡೆದಾಗ ತುದಿ ಚಕ್ಕೆ ಎದ್ದು ಹೋಗತ್ತೆ, ನೀಲಿ ದಾಟಿದ್ರೆ ಮೆತ್ತಗಾಗಿ ಮಡಚತ್ತೆ. ಕೆಲವೇ ಸೆಕೆಂಡಿನ ಆಟ, ಅವರು ಬರೀ ಕಣ್ಣಲ್ಲೇ ನೋಡಿ ಮಾಡ್ತಾರೆ. ನಾನು ಅವರನ್ನ ಕೇಳಿ ಒಂದು ಮ್ಯಾಗ್ನೆಟ್ ತಗೊಂಡು ಹೋಗಿದ್ದೆ, ಯಾಕಂದ್ರೆ ಕಬ್ಬಿಣ ಸುಮಾರು 770 ಡಿಗ್ರಿಗೆ ಮ್ಯಾಗ್ನೆಟ್ಟಿಗೆ ಅಂಟೋದು ಬಿಡತ್ತೆ, ಅದು ದಾಟಿ ಸ್ವಲ್ಪ ಮೇಲೆ ಹೋದಾಗ ಇಂಥ ಸ್ಪ್ರಿಂಗ್ ಉಕ್ಕನ್ನ ನೀರಿಗೆ ಹಾಕಿದ್ರೆ ಗಟ್ಟಿಯಾಗತ್ತೆ. ಅವರು ಬಣ್ಣ ನೋಡಿ "ಆತು" ಅಂದಾಗ ನಾನು ಮ್ಯಾಗ್ನೆಟ್ ಹಿಡಿದೆ, ಅಂಟ್ಲಿಲ್ಲ. ಮೈ ಜುಮ್ ಅಂತು. ಚಾಣಕ್ಕೆ 150 ರೂಪಾಯಿ, ಅದ್ರಲ್ಲಿ ಎಂಜಿನ್ ಸ್ಟ್ಯಾಂಡಿನ ಪ್ಲೇಟ್ ಎಲ್ಲಾ ಕಡಿದಿದೀನಿ, ತುದಿ ಇನ್ನೂ ಹಾಗೇ ಇದೆ.

ಸ್ಟೀಮ್ ಎಂಜಿನ್ನಿಗೂ ಕುಲುಮೆಗೂ ಏನು ಸಂಬಂಧ ಅಂತ ಫ್ರೆಂಡ್ಸ್ ಕೇಳ್ತಾರೆ. ಪೂರಾ ಸಂಬಂಧ ಇದೆ ಮಾರಾಯ್ರೆ. ಜೇಮ್ಸ್ ವ್ಯಾಟ್ ತನ್ನ ಸ್ಟೀಮ್ ಎಂಜಿನ್ನಿಗೆ 1769ರಲ್ಲೇ ಪೇಟೆಂಟ್ ತಗೊಂಡಿದ್ರೂ ದೊಡ್ಡ ಎಂಜಿನ್ ಸರಿಯಾಗಿ ಓಡ್ಲಿಲ್ಲ, ಸಿಲಿಂಡರ್ ದುಂಡಗೆ ಕೊರೆಯೋಕೆ ಆಗ್ತಿರ್ಲಿಲ್ಲ, ಪಿಸ್ಟನ್ ಪಕ್ಕದಿಂದ ಹಬೆ ಸೋರಿ ಹೋಗ್ತಿತ್ತು. ಇಂಗ್ಲೆಂಡಿನ ಕಬ್ಬಿಣದ ಉದ್ಯಮಿ ಜಾನ್ ವಿಲ್ಕಿನ್ಸನ್ 1774ರಲ್ಲಿ ತೋಪಿನ ನಳಿಗೆ ಕೊರೆಯೋಕೆ ಹೊಸ ಮಷೀನ್ ಮಾಡಿದ, ಆಮೇಲೆ ಅದೇ ಕಸುಬಲ್ಲಿ ಸಿಲಿಂಡರ್ ಕೊರೆದು ಕೊಟ್ಟ, ಆಗ ವ್ಯಾಟ್ ಎಂಜಿನ್ ಓಡ್ತು. ಹತ್ಯಾರ ಮೊದ್ಲು, ಎಂಜಿನ್ ಆಮೇಲೆ. ಮುಂದೆ ಎಂಜಿನ್ನೇ ಕಮ್ಮಾರನ ಕೆಲ್ಸಕ್ಕೆ ಬಂತು, ಜೇಮ್ಸ್ ನಾಸ್ಮಿತ್ ಅನ್ನೋ ಎಂಜಿನಿಯರ್ 1839ರಲ್ಲಿ ಸ್ಟೀಮ್ ಸುತ್ತಿಗೆಯ ಚಿತ್ರ ಬರೆದಿದ್ದು ಗ್ರೇಟ್ ಬ್ರಿಟನ್ ಅನ್ನೋ ಹಡಗಿನ ಪಕ್ಕದ ಚಕ್ರಗಳನ್ನ ತಿರುಗಿಸೋ ದೊಡ್ಡ ಶಾಫ್ಟ್ ಬಡಿಯೋಕೆ ಅಂತ. ಹಡಗಿಗೆ ಕೊನೆಗೆ ಚಕ್ರದ ಬದ್ಲು ಪ್ರೊಪೆಲರ್ ಹಾಕಿದ್ರಿಂದ ಆ ಶಾಫ್ಟ್ ಬೇಕಾಗ್ಲೇ ಇಲ್ಲ, ಆದ್ರೆ ಸುತ್ತಿಗೆ ಉಳೀತು. ಈ ಕುಲುಮೇಲಿ ಆಚಾರ್ರು ಸಣ್ಣ ಸುತ್ತಿಗೇಲಿ ಜಾಗ ತೋರ್ಸ್ತಾರೆ, ಎದುರಿಗಿನ ಹುಡುಗ ಅದೇ ಜಾಗಕ್ಕೆ ಚಮ್ಮಟಿಗೆ ಹಾಕ್ತಾನೆ, ಅದನ್ನ ನೋಡಿದ್ರೆ ನಾಸ್ಮಿತ್ ಏನು ಮಾಡೋಕೆ ಹೊರಟಿದ್ದ ಅಂತ ಪುಸ್ತಕಕ್ಕಿಂತ ಚೆನ್ನಾಗಿ ಅರ್ಥ ಆಗತ್ತೆ.

ನನ್ನ ಎಂಜಿನ್ ತೂಗಾಡೋ ಸಿಲಿಂಡರಿಂದು, ಸಿಲಿಂಡರ್ರೇ ಆಕಡೆ ಈಕಡೆ ವಾಲ್ತಾ ಹಬೆ ಒಳಗೆ ಬರೋ ತೂತು, ಹೊರಗೆ ಹೋಗೋ ತೂತು ಎರಡನ್ನೂ ತಾನೇ ತೆರೆದು ಮುಚ್ಚತ್ತೆ, ಬೇರೆ ವಾಲ್ವ್ ಬೇಡ. ಅದರ ಸಿಲಿಂಡರ್ ಕೆಲಸ ಈ ಕುಲುಮೇಲಿ ಆಗಲ್ಲ, ಅದಕ್ಕೆ ಲೇತ್ ಬೇಕು. ಬಾಯ್ಲರ್ ಅಂತೂ ಇಲ್ಲಿ ಕೇಳ್ಲೇಬೇಡಿ. ನೀರು ಹಬೆ ಆದ್ರೆ ಸುಮಾರು 1600 ಪಟ್ಟು ಜಾಗ ಕೇಳತ್ತೆ, ಬಾಯ್ಲರನ್ನ ತಾಮ್ರದಲ್ಲಿ ಸಿಲ್ವರ್ ಸೋಲ್ಡರ್ ಹಾಕಿ ಮಾಡಿ, ತಣ್ಣೀರು ತುಂಬಿ ಪ್ರೆಷರ್ ಟೆಸ್ಟ್ ಮಾಡಿ, ಸೇಫ್ಟಿ ವಾಲ್ವ್ ಇಟ್ಟೇ ಬೆಂಕಿ ಹಚ್ಚಬೇಕು. ಆಚಾರ್ರೇ "ಅದು ನಮ್ಮ ಕೆಲಸ ಅಲ್ಲ ತಮಾ" ಅಂತ ನೇರ ಹೇಳ್ತಾರೆ, ಆ ಮಾತಿಗೇ ನಂಗೆ ಅವರ ಮೇಲೆ ಗೌರವ ಜಾಸ್ತಿ.

ಅಡಿಗಲ್ಲು, ಅಂದ್ರೆ ಕಾದ ಕಬ್ಬಿಣ ಇಟ್ಟು ಬಡಿಯೋ ದಿಮ್ಮಿ, ತಗೊಳ್ಳೋರಿಗೂ ಒಂದು ಮಾತು. ಅಗ್ಗಕ್ಕೆ ಸಿಗೋದ್ರಲ್ಲಿ ಎಷ್ಟೋ ಬರೀ ಬೀಡು (ಎರಕದ ಕಬ್ಬಿಣ), ಸುತ್ತಿಗೆ ಹಾಕಿದ್ರೆ ದಬ್ ಅನ್ನತ್ತೆ, ಅಂಚು ಒಡೆದು ಹೋಗತ್ತೆ. ಬೇರಿಂಗ್ ಗುಂಡು ಒಂದು ಜೇಬಲ್ಲಿ ಇಟ್ಕೊಂಡು ಹೋಗಿ ಮೇಲಿಂದ ಬಿಡಿ, ಒಳ್ಳೆ ಉಕ್ಕಾದ್ರೆ ಬಿಟ್ಟ ಎತ್ತರದ ಮುಕ್ಕಾಲಿಗಿಂತ ಮೇಲೆ ಪುಟಿಯತ್ತೆ. ಇಲ್ಲಿಯ ಹಳೆ ಅಡಿಗಲ್ಲಿನ ಮೇಲೆ ಬಿಟ್ಟಾಗ ಗುಂಡು ವಾಪಸ್ ನನ್ನ ಕೈಗೇ ಬಂತೋ ಅನ್ನೋ ಹಾಗಿತ್ತು.

ಕೊರತೆ ಅಂದ್ರೆ ಟೈಮು. ಮಳೆಗಾಲಕ್ಕೆ ಮುಂಚೆ ಮತ್ತೆ ಅಡಿಕೆ ಕೊಯ್ಲು ಶುರುವಾಗೋ ಹೊತ್ತಲ್ಲಿ ಕತ್ತಿ ಸಾಲುಗಟ್ಟಿ ಕೂತಿರತ್ತೆ, ನಮ್ಮಂಥ ಹವ್ಯಾಸದೋರ ಕೆಲಸ ಹಿಂದೆ ಬೀಳತ್ತೆ, ಅದು ಸರೀನೇ, ತೋಟದ ಕೆಲಸ ಕಾಯಲ್ಲ. ಪವರ್ ಹ್ಯಾಮರ್ ಇಲ್ದಿರೋದ್ರಿಂದ ತುಂಬಾ ದಪ್ಪದ ಕೆಲಸ ತಗೊಳ್ಳಲ್ಲ. ಯುಪಿಐ ಇಲ್ಲ, ಕ್ಯಾಶ್ ಇಟ್ಕೊಳ್ಳಿ. ಬೆಳಿಗ್ಗೆನೇ ಹೋಗಿ, ಹತ್ತಿ ಬಟ್ಟೆ ಹಾಕ್ಕೊಂಡು ಹೋಗಿ, ಕಿಡಿ ಹಾರತ್ತೆ. ಏನು ಬೇಕೋ ಅದನ್ನ ರಟ್ಟಲ್ಲಿ ಕತ್ತರಿಸಿ ತೋರ್ಸಿದ್ರೆ ಬೇಗ ಅರ್ಥ ಆಗತ್ತೆ. ನನ್ನ ರೇಟಿಂಗ್ 5ಕ್ಕೆ 4.5, ನನ್ನ ಎಂಜಿನ್ನಿನ ಕ್ರ್ಯಾಂಕ್ (ಪಿಸ್ಟನ್ನಿನ ಓಡಾಟಾನ ತಿರುಗಾಟ ಮಾಡೋ ಬಾಗಿದ ಸರಳು) ಬಗ್ಗಿಸೋಕೆ ಸರಳು ಕೊಟ್ಟು ಬಂದಿದೀನಿ, ದೀಪಾವಳಿ ಆದ್ಮೇಲೆ ಬಾ ಅಂದಿದಾರೆ.