ಮಾನಿಟರ್‌ಗೆ ನಾಲ್ಕು ಸ್ಟಾರ್, ಅದರ ಡ್ರೈವರ್‌ಗೆ ಒಂದೇ

27 ಇಂಚು, 2560×1440 ರೆಸಲ್ಯೂಷನ್ (ಪರದೆಯ ಚುಕ್ಕಿಗಳ ಲೆಕ್ಕ), 144 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ ಚಿತ್ರ ಹೊಸದಾಗುತ್ತದೆ). ಮೂರು ವರ್ಷದಿಂದ ಈ ಮಾನಿಟರ್ ನನ್ನ ಮೇಜಿನ ಮೇಲಿದೆ, ಒಂದು ದಿನವೂ ತಂಟೆ ಮಾಡಿರಲಿಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಪೋರ್ಟ್ ಮುಗಿಯಿತಲ್ಲ, ಆಮೇಲೆ ನಾನೂ ಹಳೆಯದನ್ನೆಲ್ಲ ಅಳಿಸಿ ವಿಂಡೋಸ್ 11 ಹಾಕಿದೆ. ಶುರುವಾಯಿತು ನೋಡಿ.

ಸ್ಕ್ರೀನ್ ಬಂತು, ಆದರೆ 1024×768ರಲ್ಲಿ. ಅಕ್ಷರಗಳೆಲ್ಲ ಮಸುಕು, ಐಕಾನ್‌ಗಳು ಒಂದೊಂದೂ ಅಂಗೈ ಅಗಲ. ಕಂಪ್ಯೂಟರಿನ ಭಾಗಗಳನ್ನೆಲ್ಲ ಪಟ್ಟಿ ಮಾಡುವ ಡಿವೈಸ್ ಮ್ಯಾನೇಜರ್ ತೆಗೆದರೆ ನನ್ನ ಮಾನಿಟರ್ ಹೆಸರೇ ಇಲ್ಲ, ಯಾವುದೋ ಒಂದು ಮಾನಿಟರ್ ಅನ್ನುವ ಹಾಗೆ 'ಜೆನೆರಿಕ್ ಪಿಎನ್‌ಪಿ ಮಾನಿಟರ್' ಅಂತಿದೆ. ಓಹೋ, ಮಾನಿಟರ್ ಡ್ರೈವರ್ (ವಿಂಡೋಸ್ ಅದನ್ನು ಗುರುತಿಸಿ ನಡೆಸಲು ಬೇಕಾದ ಸಾಫ್ಟ್‌ವೇರ್) ಹೋಗಿದೆ ಅಂದುಕೊಂಡೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ, ಅಲ್ವಾ?

ಕಂಪನಿಯ ಸೈಟ್‌ನಲ್ಲಿ ಡ್ರೈವರ್ ಹುಡುಕುವುದೇ ಒಂದು ಸಾಹಸ. ಕೊನೆಗೆ ಸಿಕ್ಕಿದ ಜಿಪ್ ಬಿಚ್ಚಿದರೆ ಒಳಗೆ ಮೂರೇ ಫೈಲ್: ಒಂದು ಐಎನ್‌ಎಫ್ (ವಿಂಡೋಸ್‌ಗೆ ವಿವರ ಹೇಳುವುದು), ಒಂದು ಕ್ಯಾಟ್ (ಡಿಜಿಟಲ್ ಸಹಿ), ಒಂದು ಐಸಿಎಂ (ಬಣ್ಣದ ಪ್ರೊಫೈಲ್). ಸೆಟಪ್ ಅಂತ ಏನೂ ಇಲ್ಲ, ಹೇಗೆ ಹಾಕಬೇಕು ಅಂತ ಒಂದು ಸಾಲೂ ಬರೆದಿಲ್ಲ. ಡಿವೈಸ್ ಮ್ಯಾನೇಜರ್‌ನಿಂದ ಅಪ್‌ಡೇಟ್ ಕೊಟ್ಟು ಆ ಐಎನ್‌ಎಫ್ ತೋರಿಸಿದೆ. ಮಾನಿಟರ್ ಹೆಸರು ಸರಿಯಾಗಿ ಬಂತು. ಚಿತ್ರ ಮಾತ್ರ ಹಾಗೇ ಇತ್ತು! ಸಪೋರ್ಟ್‌ಗೆ ಬರೆದರೆ 'ವಿಂಡೋಸ್ ಮತ್ತೆ ಹಾಕಿ ನೋಡಿ' ಅಂದರು. ಅದನ್ನು ಹಾಕಿದ್ದಕ್ಕೇ ಈ ಗತಿ ಬಂದಿದ್ದು, ಸ್ವಾಮಿ.

ಮಾನಿಟರ್ ಡ್ರೈವರ್ ಅನ್ನುವುದು ನಾವು ತಿಳಿದುಕೊಂಡಂಥ ಡ್ರೈವರ್ ಅಲ್ಲವೇ ಅಲ್ಲ. ಹೆಸರು ಮತ್ತು ಬಣ್ಣದ ಪ್ರೊಫೈಲ್, ಹೆಚ್ಚುಕಡಿಮೆ ಅಷ್ಟೇ. ತನಗೆ ಯಾವ ರೆಸಲ್ಯೂಷನ್ ಆಗುತ್ತದೆ ಅನ್ನುವುದನ್ನು ಮಾನಿಟರ್ ತಾನೇ ಕೇಬಲ್ ಮೂಲಕ ಕಂಪ್ಯೂಟರಿಗೆ ಹೇಳುತ್ತದೆ. ಅದಕ್ಕೆ ಇಡಿಐಡಿ ಅನ್ನುತ್ತಾರೆ, ಅದರ ಮೂಲ ಭಾಗ ಬರೀ 128 ಬೈಟ್. ನನ್ನಲ್ಲಿ ಕೈಕೊಟ್ಟಿದ್ದು ಗ್ರಾಫಿಕ್ಸ್ ಡ್ರೈವರ್, ಅಂದರೆ ಪರದೆಗೆ ಚಿತ್ರ ಕಳಿಸುವ ಕಾರ್ಡ್‌ನದು. ಡಿವೈಸ್ ಮ್ಯಾನೇಜರ್‌ನಲ್ಲೇ ಸ್ವಲ್ಪ ಮೇಲೆ, ಡಿಸ್‌ಪ್ಲೇ ಅಡಾಪ್ಟರ್ ಕೆಳಗೆ, 'ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್' ಅಂತ ಬರೆದಿತ್ತು, ಅಂದರೆ ಕಾರ್ಡ್‌ನ ಸ್ವಂತ ಡ್ರೈವರ್ ಇಲ್ಲದೆ ವಿಂಡೋಸ್ ತನ್ನ ಸಾಧಾರಣ ಡ್ರೈವರ್‌ನಲ್ಲೇ ನಡೆಸುತ್ತಿತ್ತು, ನಾನೇ ಕಣ್ಣು ಹಾಯಿಸಿರಲಿಲ್ಲ. ಗ್ರಾಫಿಕ್ಸ್ ಕಾರ್ಡ್‌ನ ಡ್ರೈವರ್ ಹಾಕಿ ರೀಸ್ಟಾರ್ಟ್ ಮಾಡಿದ ತಕ್ಷಣ 2560×1440 ಬಂತು. ಇಷ್ಟನ್ನು ಕಂಪನಿಯವರು ಡೌನ್‌ಲೋಡ್ ಪುಟದಲ್ಲಿ ಎರಡು ಸಾಲು ಬರೆದಿದ್ದರೆ ನನ್ನ ಒಂದಿಡೀ ಭಾನುವಾರ ಉಳಿಯುತ್ತಿತ್ತು.

ಆದರೂ 144 ಹರ್ಟ್ಸ್ ಪಟ್ಟಿಯಲ್ಲೇ ಇಲ್ಲ, 75ಕ್ಕೆ ನಿಂತಿದೆ. ಮತ್ತೆ ಅರ್ಧ ಗಂಟೆ ತಲೆ ಕೆರೆದುಕೊಂಡೆ. ಆಮೇಲೆ ನೆನಪಾಯಿತು, ಬೆಳಿಗ್ಗೆ ಪರೀಕ್ಷೆಗೆ ಅಂತ ಡಿಸ್‌ಪ್ಲೇಪೋರ್ಟ್ ಕೇಬಲ್ ಕಿತ್ತು ಇನ್ನೊಂದು ಬಗೆಯ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದ್ದು ನಾನೇ! ಈ ಮಾನಿಟರ್‌ನಲ್ಲಿರುವುದು ಎಚ್‌ಡಿಎಂಐ 1.4, ಅದರಲ್ಲಿ ಈ ರೆಸಲ್ಯೂಷನ್‌ಗೆ 144 ಬರುವುದಿಲ್ಲ. ಹಳೆಯ ಕೇಬಲ್ ಹಾಕಿದೆ, ಬಂತು. ಇದಕ್ಕೆ ಕಂಪನಿಯನ್ನು ಬೈಯಲು ಆಗುವುದಿಲ್ಲ ಬಿಡಿ.

ಇನ್ನೊಂದು ವಿಷಯ, ಆ ಐಸಿಎಂ ಪ್ರೊಫೈಲ್ ಸೇರಿದ ಮೇಲೆ ಬಿಳಿಯೆಲ್ಲ ಅರಿಶಿನ ಕಲಸಿದ ಹಾಗೆ ಕಾಣುತ್ತಿತ್ತು. ಕಲರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ ತೆಗೆದುಹಾಕಿದೆ, ಸರಿಯಾಯಿತು. ಅಂದರೆ ಅವರು ಕೊಟ್ಟ ಡ್ರೈವರ್‌ನಿಂದ ನನಗೆ ಕೊನೆಗೆ ಉಳಿದಿದ್ದು ಡಿವೈಸ್ ಮ್ಯಾನೇಜರ್‌ನಲ್ಲಿ ಒಂದು ಹೆಸರು.