ಇನ್‌ಡಿಸೈನ್‌ನಲ್ಲಿ ಕನ್ನಡ ಪುಸ್ತಕ: ಅಕ್ಷರ ಒಡೆಯುವುದೆಲ್ಲಿ, ಸರಿಪಡಿಸುವುದು ಹೇಗೆ

ಪುಟ ಕಟ್ಟುವ ತಂತ್ರಾಂಶವಾದ ಅಡೋಬಿ ಇನ್‌ಡಿಸೈನ್ ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಸಂಕೇತ) ಕನ್ನಡಕ್ಕೆ ಚೆನ್ನಾಗಿಯೇ ಒಗ್ಗುತ್ತದೆ. ಅದಕ್ಕೆ ಬೇಕಾದ, ಒತ್ತು-ಗುಣಿತ ಸರಿಯಾಗಿ ಜೋಡಿಸುವ ವರ್ಲ್ಡ್-ರೆಡಿ ಕಂಪೋಸರ್ 2012ರ ಸಿಎಸ್6 ಆವೃತ್ತಿಯಿಂದಲೇ ಇದರಲ್ಲಿದೆ. ಆದರೆ ಇಂಗ್ಲಿಷ್ ಪುಸ್ತಕಕ್ಕೆಂದು ಮಾಡಿದ ಟೆಂಪ್ಲೇಟಿನಲ್ಲಿ ಕನ್ನಡ ಸುರಿದರೆ 'ಸ್ತ್ರೀ' ಎಂಬ ಒಂದೇ ಅಕ್ಷರ ಚೂರುಚೂರಾಗುತ್ತದೆ, ಒತ್ತು ಕೆಳಗಿಳಿಯುವುದೇ ಇಲ್ಲ. ಫಾಂಟ್ ಬದಲಿಸುತ್ತಾ ಕೂರಬೇಡಿ, ತಪ್ಪು ಫಾಂಟಿನದಲ್ಲ. ಪ್ಯಾರಾಗ್ರಾಫ್ ಸ್ಟೈಲ್ ಆಪ್ಷನ್ಸ್ ತೆರೆದು, ಜಸ್ಟಿಫಿಕೇಶನ್ ಭಾಗದ ಕಂಪೋಸರ್ ಪಟ್ಟಿಯಲ್ಲಿ 'ಅಡೋಬಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್' ಆರಿಸಿ. ಯಾವ ಫೈಲೂ ತೆರೆಯದಿರುವಾಗ ಪ್ಯಾರಾಗ್ರಾಫ್ ಪ್ಯಾನೆಲ್ ಮೆನುವಿನಲ್ಲಿ ಇದನ್ನೇ ಆರಿಸಿದರೆ ಮುಂದಿನ ಹೊಸ ಫೈಲುಗಳಿಗೂ ಅನ್ವಯಿಸುತ್ತದೆ. ಇಷ್ಟು ಮುಖ್ಯವಾದ ಆಯ್ಕೆಯನ್ನು ಇಷ್ಟು ಆಳದಲ್ಲಿ ಹುದುಗಿಸಿಟ್ಟಿರುವುದು ಈ ತಂತ್ರಾಂಶದ ದೊಡ್ಡ ಕೊರತೆ.

ಪಠ್ಯ ತಂದಾಗ ಕನ್ನಡದ ಬದಲು ಕಸ ಕಂಡರೆ ಆ ಕಸವನ್ನೇ ಗಮನವಿಟ್ಟು ನೋಡಬೇಕು. ತಲೆಯ ಮೇಲೆ ಗೀಟಿರುವ ಇಂಗ್ಲಿಷಿನ ಸಣ್ಣ 'ಎ' (à), ಅದರ ಪಕ್ಕ ಮೇಲಕ್ಕೇರಿದ ಪುಟ್ಟ 2 ಅಥವಾ 3 ಮತ್ತೆ ಮತ್ತೆ ಬರುತ್ತಿದ್ದರೆ, ಅದು ಯುಟಿಎಫ್-8 (ಯೂನಿಕೋಡನ್ನು ಫೈಲಿನಲ್ಲಿ ಉಳಿಸುವ ರೀತಿ) ಪಠ್ಯವನ್ನು ಆನ್ಸಿ (ಇಂಗ್ಲಿಷಿನಂಥ ಭಾಷೆಗಳ ಹಳೆಯ ಸಂಕೇತ) ಎಂದು ಓದಿದ್ದರ ಫಲ. ಮೂಲ ಫೈಲಿಗೆ ಏನೂ ಆಗಿಲ್ಲ. ಪ್ಲೇಸ್ ಮಾಡುವಾಗ, ಅಂದರೆ ಪಠ್ಯ ಒಳತರುವಾಗ, 'ಶೋ ಇಂಪೋರ್ಟ್ ಆಪ್ಷನ್ಸ್' ಗುರುತು ಹಾಕಿ, ಕ್ಯಾರೆಕ್ಟರ್ ಸೆಟ್ ಯುಟಿಎಫ್-8 ಕೊಟ್ಟರೆ ಮುಗಿಯಿತು. ಅದರ ಬದಲು ಇಂಗ್ಲಿಷಿನ ದೊಡ್ಡ 'ಪಿ' (P), ಗೀಟಿರುವ ದೊಡ್ಡ 'ಎ' (À), ಪೌಂಡ್ ಚಿಹ್ನೆ (£) ಕಂಡರೆ ಅದು ನುಡಿ ತಂತ್ರಾಂಶದ ಹಳೆಯ ಆಸ್ಕಿ ಪಠ್ಯ, ಅಂದರೆ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ್ದು. 'ಕನ್ನಡ' ಎಂಬ ಪದ ಶುರುವಾಗುವುದೇ ಹಾಗೆ. ಅನುಮಾನವಿದ್ದರೆ ಒಂದೇ ಅಕ್ಷರ ಆಯ್ದು ಇನ್ಫೋ ಪ್ಯಾನೆಲ್ ನೋಡಿ. 'ಕ' ಯೂನಿಕೋಡಿನದಾದರೆ 0ಸಿ95 ಎಂದಿರುತ್ತದೆ, ನುಡಿಯದಾದರೆ 0050.

ನುಡಿ ಪಠ್ಯವನ್ನು ಯೂನಿಕೋಡಿಗೆ ಪರಿವರ್ತಿಸಿದ ಮೇಲೆ ಅರ್ಕಾವೊತ್ತನ್ನು ಪರೀಕ್ಷಿಸಲೇಬೇಕು. ಆಸ್ಕಿಯಲ್ಲಿ ಅದು ಅಕ್ಷರವಾದ ಮೇಲೆ ಬರುತ್ತದೆ, ಯೂನಿಕೋಡಿನಲ್ಲಿ 'ರ್' ಮೊದಲು. ಬರೀ ಫೈಂಡ್-ರಿಪ್ಲೇಸ್ ಮಾಡುವ ಪರಿವರ್ತಕ ಈ ಸ್ಥಾನ ಬದಲಿಸುವುದಿಲ್ಲ. ಅದಕ್ಕೇ ಕರ್ನಾಟಕ 'ಕನಾರ್ಟಕ' ಆಗುತ್ತದೆ, ಧರ್ಮ 'ಧಮರ್', ಸೂರ್ಯ 'ಸೂಯರ್'. ಕಡತದಲ್ಲಿ ಈ ಮೂರನ್ನೂ ಹುಡುಕಿ. ಒಂದು ಸಿಕ್ಕರೂ ಬೇರೆ ಪರಿವರ್ತಕದಿಂದ ಮೊದಲಿನಿಂದ ಮಾಡುವುದೇ ಮೇಲು. ಕೈಯಲ್ಲಿ ತಿದ್ದಹೊರಟರೆ ಖಂಡಿತ ಕೆಲವು ಉಳಿದುಬಿಡುತ್ತವೆ. ನಡುನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತನೆಗೆ ಮೊದಲೇ ಬೇರೆ ತೆಗೆದಿಡಿ, ಇಲ್ಲದಿದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗುತ್ತವೆ.

ಗುಲಾಬಿ ಬಣ್ಣ ಬಳಿದಂತೆ ಕಾಣುವ ಸಾಲುಗಳಿಗೆ ಕಾರಣ ಸರಳ: ಆ ಫಾಂಟ್ ಕಂಪ್ಯೂಟರಿನಲ್ಲಿಲ್ಲ. ಉಚಿತವಾಗಿ ಸಿಗುವ ನೋಟೋ ಸೆರಿಫ್ ಕನ್ನಡ ಅಥವಾ ಟೀರೋ ಕನ್ನಡ ಹಾಕಿಕೊಂಡರೆ ಪುಸ್ತಕದ ಒಳಪುಟಗಳಿಗೆ ಸಾಕು.

ಇನ್ನು 'ರಾಜ್‌ಕುಮಾರ್'ನಲ್ಲಿ 'ಕ' ಒತ್ತಾಗಿ ಕೆಳಗೆ ಹೋಗುತ್ತಿದ್ದರೆ, 'ಜ್' ಆದ ಕೂಡಲೇ ಕರ್ಸರ್ ಇಟ್ಟು ಟೈಪ್ ಮೆನು, ಇನ್ಸರ್ಟ್ ಸ್ಪೆಷಲ್ ಕ್ಯಾರೆಕ್ಟರ್, ಅದರ್, ನಾನ್-ಜಾಯ್ನರ್ (ಅಕ್ಷರಗಳು ಕೂಡಿಕೊಳ್ಳದಂತೆ ತಡೆಯುವ, ಕಾಣದ ಚಿಹ್ನೆ) ಒತ್ತಿ. 'ರ‍್ಯಾಂಕ್' ಬರೆಯಲು ಬೇಕಾಗುವುದು ಇದಕ್ಕೆ ವಿರುದ್ಧವಾದ ಝೀರೋ ವಿಡ್ತ್ ಜಾಯ್ನರ್. ಅದು 'ರ' ಮತ್ತು ಹಲಂತದ (ಅಕ್ಷರವನ್ನು ಅರ್ಧವಾಗಿಸುವ ಚಿಹ್ನೆ) ನಡುವೆ ಕೂರಬೇಕು.