4ನೇ ತರಗತಿ ಬಿ ಸೆಕ್ಷನ್, 58 ಮಕ್ಕಳು: ಬಳ್ಳಾರಿಯ ಹೊಸ ಬಡಾವಣೆಯ ಒಂದು ಶಾಲೆ

ಅಂಕ: 5ಕ್ಕೆ 2. ಆ ಎರಡೂ ಅಲ್ಲಿನ ಟೀಚರುಗಳಿಗೆ.

ಶಾಲೆಯ ಹೆಸರು ಬರೆಯುವುದಿಲ್ಲ. ಮಗಳು ಇನ್ನೂ ಅಲ್ಲೇ ಓದುತ್ತಿದ್ದಾಳೆ. ಬಳ್ಳಾರಿಯಲ್ಲಿ ಹೊಸಪೇಟೆ ರಸ್ತೆ ಕಡೆ ಎದ್ದಿರುವ ಹೊಸ ಬಡಾವಣೆಗಳಲ್ಲಿ ಒಂದರ ಖಾಸಗಿ ಶಾಲೆ, ರಾಜ್ಯ ಪಠ್ಯ, ಇಂಗ್ಲಿಷ್ ಮೀಡಿಯಂ, ಎಲ್‌ಕೆಜಿಯಿಂದ 10ರವರೆಗೆ ಇದೆ. ಆ ಕಡೆ ಸೈಟು ನೋಡುತ್ತಿರುವವರು, ಬಾಡಿಗೆ ಮನೆ ಹುಡುಕುತ್ತಿರುವವರು, ಅದರಲ್ಲೂ ಪ್ರೈಮರಿ ಓದುವ ಮಕ್ಕಳಿರುವವರು ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ನಾವು ಮೊದಲು ಇದ್ದದ್ದು ಕೌಲ್ ಬಜಾರಿನಲ್ಲಿ, ಅತ್ತೆಯವರ ಮನೆಯಲ್ಲಿ. ಯಜಮಾನರ ಕೆಲಸ ತೋರಣಗಲ್ಲಿನ ಸ್ಟೀಲ್ ಪ್ಲಾಂಟಿನಲ್ಲಿ. ಬೆಳಗಿನ ಶಿಫ್ಟ್ ಇದ್ದಾಗ ಕತ್ತಲಿರುವಾಗಲೇ ಎದ್ದು ಬಸ್ಸಿಗೆ ಓಡಬೇಕಿತ್ತು. ಹೊಸಪೇಟೆ ರಸ್ತೆಗೆ ಬಂದರೆ ಬಸ್ಸು ಬಾಗಿಲಿಗೇ ಬಂದ ಹಾಗೆ, ಶಾಲೆಯೂ ಹತ್ತು ನಿಮಿಷದ ನಡಿಗೆ. ಸಾಲ ಮಾಡಿ ಮನೆ ಕಟ್ಟಿದೆವು. ಕಳೆದ ಏಪ್ರಿಲ್‌ನಲ್ಲಿ ಗೃಹಪ್ರವೇಶ ಆಯಿತು, ಶಾಲೆ ಶುರುವಾದಾಗ ಮಗಳನ್ನು 4ನೇ ತರಗತಿಗೆ ಸೇರಿಸಿದೆವು.

ಅಡ್ಮಿಷನ್ ದಿನ ಆಫೀಸಿನಲ್ಲಿ ಕೇಳಿದೆ, ಒಂದು ಸೆಕ್ಷನ್‌ಗೆ ಎಷ್ಟು ಮಕ್ಕಳು ಅಂತ. 40 ಅಂದರು. ಅದು ಸುಳ್ಳಲ್ಲ, ಆ ದಿನ 41 ಇತ್ತು. ಆಮೇಲೆ ಏನಾಯಿತು ಅಂದರೆ, ನಮ್ಮ ಬಡಾವಣೆಯಲ್ಲಿ ಒಂದೊಂದು ಮನೆಯ ಗೃಹಪ್ರವೇಶ ಆದ ಹಾಗೂ ತರಗತಿಗೆ ಒಂದೊಂದು ಮಗು ಬಂತು. ಶ್ರಾವಣದಲ್ಲಿ ಬಂದವು, ದೀಪಾವಳಿ ಆದಮೇಲೆ ಬಂದವು. ದಸರಾ ರಜೆಗೆ 51 ಇದ್ದದ್ದು ಸಂಕ್ರಾಂತಿ ಹೊತ್ತಿಗೆ 58 ಆಯಿತು. ಕೋಣೆ ಅದೇ, ಬೆಂಚು ಅವೇ, ಮಿಸ್ ಒಬ್ಬರೇ.

ಪೇರೆಂಟ್ಸ್ ಮೀಟಿಂಗ್ ದಿನ ಆ ಕೋಣೆಯಲ್ಲಿ ಕೂತು ನೋಡಿದೆ. ಮೂವರು ಕೂರುವ ಬೆಂಚಿನಲ್ಲಿ ನಾಲ್ವರು. ನನ್ನ ಮಗಳು ಎಡಗೈಯಲ್ಲಿ ಬರೆಯುತ್ತಾಳೆ, ಮೊಣಕೈ ಪಕ್ಕದ ಹುಡುಗಿಗೆ ತಾಗುತ್ತದೆ ಅಂತ ಅವಳನ್ನು ಹಿಂದಿನ ಸಾಲಿನ ಎಡತುದಿಗೆ ಕೂರಿಸಿದ್ದಾರೆ. ಅಲ್ಲಿಂದ ಬೋರ್ಡಿನ ಬಲಗಡೆ ಬರೆದದ್ದು ಬೆಳಕು ಹೊಡೆದು ಕಾಣುವುದಿಲ್ಲ. ಫ್ಯಾನ್ ಎರಡು. ಸೀಟು ಹೆಚ್ಚಿಸಲು ಮೇಲಿನ ಮಹಡಿಯಲ್ಲಿ ತಗಡಿನ ಶೀಟ್ ಹಾಕಿ ಮೂರು ಕೋಣೆ ಮಾಡಿದ್ದಾರೆ, ಬಿ ಸೆಕ್ಷನ್ ಇರುವುದು ಅಲ್ಲಿ. ಬಳ್ಳಾರಿ ಬಿಸಿಲು ಹೇಗಿರುತ್ತದೆ ಅಂತ ಬಳ್ಳಾರಿಯವರಿಗೆ ಹೇಳಬೇಕಿಲ್ಲ. ಫೆಬ್ರವರಿಯಲ್ಲೇ ಮಧ್ಯಾಹ್ನ ಎರಡು ಗಂಟೆಗೆ ಆ ಕೋಣೆಯಲ್ಲಿ ಕೂರಲು ಆಗುವುದಿಲ್ಲ. ಮಾರ್ಚ್ ಕೊನೆಗೆ ಪರೀಕ್ಷೆ ನಡೆಯುವುದೂ ಅಲ್ಲೇ.

ಈಗ ಟೀಚರ್ ವಿಷಯ. ಆ ಮಿಸ್ ತುಂಬಾ ಒಳ್ಳೆಯವರು. ಪಾಠ ಸ್ಪಷ್ಟ, ಮಕ್ಕಳ ಮೇಲೆ ಕೈ ಎತ್ತುವುದಿಲ್ಲ, ಮಗಳು ಎರಡು ದಿನ ಜ್ವರ ಬಂದು ಹೋಗದಿದ್ದಾಗ ಅವರೇ ಫೋನ್ ಮಾಡಿ ವಿಚಾರಿಸಿದರು. ತೆಲುಗು, ಉರ್ದು ಮಾತಾಡುವ ಮನೆಗಳಿಂದ ಬಂದ ಮಕ್ಕಳಿಗೆ ಅವರವರ ಭಾಷೆಯಲ್ಲೇ ಒಂದೆರಡು ಮಾತು ಹೇಳಿ ಸಮಾಧಾನ ಮಾಡುತ್ತಾರೆ. ಅವರ ಮೇಲೆ ನನ್ನದು ಒಂದು ದೂರೂ ಇಲ್ಲ.

ಆದರೆ ನವೆಂಬರಿನಲ್ಲಿ ಒಂದು ರಾತ್ರಿ ಮಗಳ ಗಣಿತದ ನೋಟ್‌ಬುಕ್ ತೆಗೆದು ನೋಡಿದೆ. 403ರಲ್ಲಿ 178 ಕಳೆದರೆ 375 ಅಂತ ಬರೆದಿದ್ದಾಳೆ. ಪಕ್ಕದಲ್ಲಿ ಕೆಂಪು ಶಾಯಿಯ ರೈಟ್ ಗುರುತು. ಸರಿ ಉತ್ತರ 225. ಅವಳು ಏನು ಮಾಡಿದ್ದಾಳೆ ಅಂದರೆ, ಮೇಲಿರಲಿ ಕೆಳಗಿರಲಿ, ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದ್ದಾಳೆ: 8ರಲ್ಲಿ 3 ಹೋದರೆ 5, 7ರಲ್ಲಿ ಸೊನ್ನೆ ಹೋದರೆ 7, 4ರಲ್ಲಿ 1 ಹೋದರೆ 3. ದಶಕ ತೆಗೆದುಕೊಳ್ಳುವುದು ಅವಳಿಗೆ ತಲೆಗೆ ಹತ್ತೇ ಇಲ್ಲ. ಹಿಂದಿನ ಪುಟ ತಿರುಗಿಸಿದೆ, ಅದೇ ತಪ್ಪು. ಅದರ ಹಿಂದಿನ ಪುಟ, ಅದೇ ತಪ್ಪು, ಅದೇ ರೈಟ್. ಒಟ್ಟು ಹನ್ನೊಂದು ಲೆಕ್ಕ. ಇದು ಯಾರು ಹಾಕಿದ್ದು ಪುಟ್ಟಿ ಅಂತ ಕೇಳಿದೆ. "ಲೀಡರ್ ಹಾಕಿದ್ದಮ್ಮ, ಮಿಸ್ಸಿಗೆ ಟೈಮ್ ಇರಲ್ಲ" ಅಂದಳು.

ಮಿಸ್ ಹತ್ತಿರ ಹೋದಾಗ ಅವರು ಮುಚ್ಚಿಡಲಿಲ್ಲ. ಒಂದು ಪಿರಿಯಡ್ 40 ನಿಮಿಷ, ಪಾಠವನ್ನೇ ಮಾಡದೆ ಬರೀ ನೋಟ್‌ಬುಕ್ ನೋಡಿದರೂ ಒಂದು ಮಗುವಿಗೆ 40 ಸೆಕೆಂಡ್ ಚಿಲ್ಲರೆ ಬರುತ್ತದೆ. ಮನೆಗೆ ಒಯ್ದು ತಿದ್ದೋಣ ಅಂದರೆ ಅವರಿಗೆ ಇನ್ನೆರಡು ತರಗತಿಯ ಪುಸ್ತಕಗಳೂ ಇವೆ. "ನಿಮ್ಮ ಮಗಳು ಗಲಾಟೆ ಮಾಡಲ್ಲ ಮೇಡಂ, ಸುಮ್ನೆ ಕೂರ್ತಾಳೆ. ಅಂಥ ಮಕ್ಕಳೇ ನನ್ನ ಕಣ್ಣಿಂದ ತಪ್ಪಿ ಹೋಗೋದು" ಅಂದರು. ಆ ಮಾತು ಇನ್ನೂ ನನ್ನ ಮನಸ್ಸಿನಲ್ಲಿದೆ.

ಇನ್ನೊಂದು ಸಂಗತಿ, ಹೆಣ್ಣುಮಕ್ಕಳ ತಾಯಂದಿರು ಗಮನಿಸಿ. ಸಾಯಂಕಾಲ ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬರುತ್ತಿತ್ತು. ಮರೆತಿರಬೇಕು ಅಂದುಕೊಂಡೆ. ಜನವರಿಯಲ್ಲಿ ಉರಿಮೂತ್ರ ಆಗಿ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಾಗ ಗೊತ್ತಾಯಿತು, ಬೇಕಂತಲೇ ಕುಡಿಯುತ್ತಿಲ್ಲ. ಆ ಮಹಡಿಯ ಹೆಣ್ಣುಮಕ್ಕಳಿಗೆಲ್ಲ ಇರುವುದು ಎರಡು ಟಾಯ್ಲೆಟ್. ಇಂಟರ್‌ವಲ್ ಹತ್ತು ನಿಮಿಷ. ಸಾಲಿನಲ್ಲಿ ನಿಂತು ಸರದಿ ಬರುವಷ್ಟರಲ್ಲಿ ಬೆಲ್ ಹೊಡೆಯುತ್ತದೆ. ಅದಕ್ಕೇ ನೀರು ಕುಡಿಯದೆ ಇರುವುದನ್ನು ಒಂಬತ್ತು ವರ್ಷದ ಹುಡುಗಿ ತಾನಾಗಿ ಕಲಿತಿದ್ದಾಳೆ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ. ದೂರು ಕೊಟ್ಟ ಮೇಲೆ ಕೆಳಗಿನ ಟೀಚರುಗಳ ಟಾಯ್ಲೆಟ್ ಒಂದನ್ನು ಮಕ್ಕಳಿಗೆ ಬಿಟ್ಟಿದ್ದಾರೆ. ಅಷ್ಟಾದರೂ ಮಾಡಿದರು.

ಹೆಡ್‌ಮಾಸ್ಟರ್ ಹತ್ತಿರ ಸೆಕ್ಷನ್ ವಿಷಯ ಕೇಳಿದೆ. "ಮೇಡಂ, ಮನೆ ಕಟ್ಟಿಕೊಂಡು ಮಕ್ಕಳನ್ನು ಕರ್ಕೊಂಡು ಬಂದವರನ್ನು ಹೆಂಗೆ ವಾಪಸ್ ಕಳಿಸೋದು ಹೇಳ್ರಿ. ನೀವೂ ಹಂಗೇ ಬಂದವರಲ್ವಾ?" ಅಂದರು. ನಿಜ. ಆದರೆ ಒಂದೊಂದು ಮಗುವಿಗೆ ವರ್ಷಕ್ಕೆ 34,000 ಫೀಸು ತೆಗೆದುಕೊಂಡ ಮೇಲೆ ಸಿ ಸೆಕ್ಷನ್ ಮಾಡಿ ಇನ್ನೊಬ್ಬ ಟೀಚರ್ ನೇಮಿಸಬಹುದಿತ್ತು. ನೋಡೋಣ ಅಂದರು. ಜೂನ್‌ಗೆ ಅಂದರು.

ಕಾಯ್ದೆ ಏನು ಹೇಳುತ್ತದೆ ಅಂತಲೂ ನೋಡಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ರವರೆಗೆ 30 ಮಕ್ಕಳಿಗೆ ಒಬ್ಬ ಶಿಕ್ಷಕರ ಲೆಕ್ಕ. 200ಕ್ಕಿಂತ ಜಾಸ್ತಿ ಮಕ್ಕಳಿದ್ದರೂ ಶಿಕ್ಷಕರೊಬ್ಬರಿಗೆ 40 ದಾಟಬಾರದು. 6ರಿಂದ 8ಕ್ಕೆ 35. ಒಬ್ಬ ಶಿಕ್ಷಕರಿಗೆ ಒಂದು ಕೋಣೆಯಾದರೂ ಇರಬೇಕು, ಗಂಡು ಹೆಣ್ಣುಮಕ್ಕಳಿಗೆ ಬೇರೆ ಬೇರೆ ಶೌಚಾಲಯ ಇರಬೇಕು. ಆದರೆ ಈ ಲೆಕ್ಕ ಹಾಕುವುದು ಒಂದೊಂದು ಸೆಕ್ಷನ್‌ಗೆ ಅಲ್ಲ. ನಮ್ಮ ಶಾಲೆಯಲ್ಲಿ 8, 9ನೇ ತರಗತಿಗಳಲ್ಲಿ ಇಪ್ಪತ್ತು ಚಿಲ್ಲರೆ ಮಕ್ಕಳು, ಕೆಳಗಿನ ತರಗತಿಗಳಲ್ಲಿ ಐವತ್ತರ ಮೇಲೆ. ಹೊಸ ಬಡಾವಣೆಗೆ ಬರುವವರೆಲ್ಲ ಚಿಕ್ಕ ಮಕ್ಕಳಿರುವ ಸಂಸಾರಗಳು, ಅದಕ್ಕೇ ಹೀಗೆ. ಒಟ್ಟು ಮಕ್ಕಳನ್ನು ಒಟ್ಟು ಟೀಚರುಗಳಿಂದ ಭಾಗಿಸಿದರೆ ಕಾಗದದ ಮೇಲೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಶಾಲೆಗಳ ಅಂಕಿಅಂಶ ಇಡುವ ಕೇಂದ್ರ ಸರ್ಕಾರದ ಯುಡೈಸ್ ಪ್ಲಸ್ ವೆಬ್‌ಸೈಟಿನ "ನೋ ಯುವರ್ ಸ್ಕೂಲ್" ಪುಟದಲ್ಲಿ ಯಾವ ಶಾಲೆಯ ಮಕ್ಕಳು, ಶಿಕ್ಷಕರು, ಕೋಣೆ, ಶೌಚಾಲಯದ ಲೆಕ್ಕವನ್ನಾದರೂ ಯಾರು ಬೇಕಾದರೂ ನೋಡಬಹುದು. ನೋಡಿ, ಒಳ್ಳೆಯದೇ. ಆದರೆ ಬೇಗ ಬೆಳೆಯುವ ಬಡಾವಣೆಯಲ್ಲಿ ಆ ಲೆಕ್ಕ ಬೇಗ ಹಳೆಯದಾಗುತ್ತದೆ. ನಿಮ್ಮ ಮಗು ಕೂರುವ ಸೆಕ್ಷನ್‌ನ ಹಾಜರಿ ಪುಸ್ತಕದಲ್ಲಿ ಕೊನೆಯ ನಂಬರ್ ಎಷ್ಟು ಅಂತ ಕೇಳಿ. ಜೂನ್‌ದಲ್ಲ, ಕಳೆದ ಜನವರಿಯದು. ತೋರಿಸಲು ಹಿಂದೆ ಮುಂದೆ ನೋಡಿದರೆ ಅರ್ಥ ಮಾಡಿಕೊಳ್ಳಿ.

ಬೇರೆ ಶಾಲೆ ಇಲ್ಲವೇ ಅಂತ ಕೇಳಬಹುದು. ಬಡಾವಣೆಯ ನಕ್ಷೆಯಲ್ಲಿ ಸಿಎ ಸೈಟ್ ಇದೆ, ಶಾಲೆ, ಅಂಗನವಾಡಿ ಇಂಥದ್ದಕ್ಕೆಲ್ಲ ಅಂತ ಬಿಡುವ ಜಾಗ. ಮನೆ ಕಟ್ಟುವಾಗ ಅದನ್ನು ನೋಡಿ ನಾವು ಖುಷಿಪಟ್ಟಿದ್ದೆವು. ಈಗಲೂ ಅಲ್ಲಿ ಜಾಲಿ ಬೆಳೆದು ನಿಂತಿದೆ. ಪಕ್ಕದ ಹಳ್ಳಿ ಈಗ ಬಡಾವಣೆಗೆ ಅಂಟಿಕೊಂಡಿದೆ, ಅಲ್ಲಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೂ ಹೋಗಿ ಬಂದೆ. ಹಾಲು, ಬಿಸಿಯೂಟ, ಮೊಟ್ಟೆ ಎಲ್ಲ ಸರಿಯಾಗಿ ಕೊಡುತ್ತಾರೆ, ನೋಟ್‌ಬುಕ್‌ನಲ್ಲಿ ಟೀಚರ್ ಅಕ್ಷರವೇ ಇತ್ತು. ಆದರೆ ಏಳು ತರಗತಿಗೆ ಐದು ಕೋಣೆ, ಎರಡೆರಡು ತರಗತಿ ಒಟ್ಟಿಗೆ ಕೂರುತ್ತವೆ. ನಮ್ಮ ಮನೆಗಳನ್ನು ಕಟ್ಟಲು ಬೇರೆ ಊರುಗಳಿಂದ ಬಂದ ಕೂಲಿಯವರ ಮಕ್ಕಳೂ ವರ್ಷದ ಮಧ್ಯದಲ್ಲಿ ಅಲ್ಲಿಗೇ ಸೇರುತ್ತಾರೆ. ಯಾವ ತಿಂಗಳಲ್ಲಿ ಮಗು ಬಂದರೂ ಸೇರಿಸಿಕೊಳ್ಳಬೇಕು, ಅದು ಕಾಯ್ದೆ, ಮತ್ತು ಸರಿಯಾದದ್ದೇ. ಕೋಣೆ ಮಾತ್ರ ಮಕ್ಕಳ ಜೊತೆ ಬೆಳೆಯುವುದಿಲ್ಲವಲ್ಲ. ಕಲ್ಯಾಣ ಕರ್ನಾಟಕದ ಅಭಿವೃದ್ಧಿ ಮಂಡಳಿಯ ಹಣದಲ್ಲಿ ಎಷ್ಟೋ ಕಡೆ ಹೊಸ ಕೋಣೆ ಆಗಿವೆ. ಇಲ್ಲಿಗೂ ಬೇಕು ಅಂತ ನಮ್ಮ ಬಡಾವಣೆಯ ಇಪ್ಪತ್ತಾರು ಮನೆಯವರು ಸಹಿ ಹಾಕಿ ಬಿಇಓ ಆಫೀಸಿಗೆ ಅರ್ಜಿ ಕೊಟ್ಟಿದ್ದೇವೆ. ಸಿಎ ಸೈಟಿನ ವಿಷಯ ಬುಡಾಕ್ಕೆ, ಅಂದರೆ ಬಳ್ಳಾರಿ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ, ಬೇರೆ ಅರ್ಜಿ.

ತೋರಣಗಲ್ಲಿಗೇ ಹೋಗಿಬಿಡೋಣ ಅಂತ ಯಜಮಾನರು ಒಮ್ಮೆ ಅಂದರು. ಅಲ್ಲಿರುವ ಪರಿಚಯದವರನ್ನು ಕೇಳಿದರೆ ಅವರ ಮಗನ ತರಗತಿಯಲ್ಲೂ ಇದೇ ಕಥೆ. ಬಾಡಿಗೆಯೂ ಜಾಸ್ತಿ.

ಕೊನೆಗೆ ಮನೆಯಲ್ಲಿ ಕೂತು ಮಾತಾಡಿ ತೀರ್ಮಾನ ಮಾಡಿದ್ದೇವೆ, ಈ ಮನೆಯನ್ನು ಬಾಡಿಗೆಗೆ ಕೊಟ್ಟು ಏಪ್ರಿಲ್‌ನಲ್ಲಿ ಕೌಲ್ ಬಜಾರಿಗೆ ವಾಪಸ್. ಮಗಳು 3ನೇ ತರಗತಿವರೆಗೆ ಓದಿದ್ದು ಅಲ್ಲಿನ ಸರ್ಕಾರಿ ಶಾಲೆಯಲ್ಲಿ. ಅವಳ ತರಗತಿಯಲ್ಲಿ 27 ಮಕ್ಕಳಿದ್ದರು. ಆಗ ಆ ಶಾಲೆಯನ್ನು ಬಿಡಿಸಿದ್ದು ಇಂಗ್ಲಿಷ್ ಮೀಡಿಯಂ ಅಂತ ಒಂದೇ ಕಾರಣಕ್ಕೆ. ಹೋಗಿ ಹಳೇ ಟೀಚರನ್ನು ಕಂಡೆ, ನೋಟ್‌ಬುಕ್ ತೋರಿಸಿದೆ. ಅವರು ಅಲ್ಲೇ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು, ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಮಾಡಿ, ಒಂದು ಕಟ್ಟು ಬಿಚ್ಚಿ ತೋರಿಸಿದರು. ಹತ್ತು ನಿಮಿಷ ಹಿಡಿಯಿತು ಅಷ್ಟೇ. ಮನೆಗೆ ಬಂದು 403ರ ಲೆಕ್ಕವನ್ನು ಅವಳೇ ಮತ್ತೆ ಮಾಡಿದಳು.

ಯಜಮಾನರಿಗೆ ಮತ್ತೆ ಕತ್ತಲಲ್ಲಿ ಎದ್ದು ಹೋಗುವುದು ಶುರುವಾಗುತ್ತದೆ. ಅದು ಸಣ್ಣ ತೊಂದರೆ ಏನಲ್ಲ. ನನಗೂ ಈ ಮನೆ ಬಿಡಲು ಮನಸ್ಸಿಲ್ಲ, ಅಡುಗೆಮನೆ ಕಿಟಕಿಯಿಂದ ಬೆಳಗಿನ ಗಾಳಿ ಎಷ್ಟು ಚೆನ್ನಾಗಿ ಬರುತ್ತದೆ ಗೊತ್ತಾ.

ನಮ್ಮ ಹಾಗೆ ಸರ್ಕಾರಿ ಶಾಲೆಗೆ ಹೋಗುವವರಿಗೆ ಒಂದು ಮಾತು. ಟಿಸಿ ಕೇಳಿದರೆ ತಡ ಮಾಡದೆ ಕೊಡಬೇಕು, ಟಿಸಿ ಬರುವುದು ತಡವಾಯಿತು ಅಂತ ಆ ಶಾಲೆಯವರು ಮಗುವನ್ನು ಬೇಡ ಅನ್ನುವಂತಿಲ್ಲ. ಮಗುವಿನ ಸ್ಯಾಟ್ಸ್ ನಂಬರ್, ಅಂದರೆ ರಾಜ್ಯದ ಶಾಲಾ ದಾಖಲೆಯಲ್ಲಿ ಮಗುವಿಗೆ ಇರುವ ಗುರುತಿನ ನಂಬರ್, ಬರೆದಿಟ್ಟುಕೊಳ್ಳಿ. ನಾನು ಕಳೆದ ಸೋಮವಾರ ಟಿಸಿಗೆ ಅರ್ಜಿ ಕೊಟ್ಟೆ. ಗುಮಾಸ್ತರು ಅದನ್ನು ಇಟ್ಟ ಕಟ್ಟಿನಲ್ಲಿ ನನ್ನದು ಒಂಬತ್ತನೆಯದು. ಬೆಂಚಿನ ಮೇಲೆ ಇಬ್ಬರು ಅಪ್ಪಂದಿರು ಕೂತಿದ್ದರು, ಮುಂದಿನ ವರ್ಷ 4ನೇ ತರಗತಿಗೆ ಸೀಟು ಇದೆಯಾ ಅಂತ ಕೇಳಲು.